ಒಬ್ಬನೇ ಬೆಟ್ಟಕ್ಕೆ ಹೋಗುವ ಮಗ: ತಡೆಯಬೇಕಾ, ಬಿಡಬೇಕಾ?

ಪ್ರಶ್ನೆ: ನಾವು ವಿಜಯಪುರ ಕಡೆಯವರು. ಯಜಮಾನರ ಕೆಲಸಕ್ಕಾಗಿ ಬಂದು ಪುಣೆ ಹತ್ತಿರದ ಪಿಂಪ್ರಿಯಲ್ಲೇ ನೆಲೆಸಿದ್ದೇವೆ. ಮಗನಿಗೆ 24 ವರ್ಷ, ಹಿಂಜೆವಾಡಿಯಲ್ಲಿ ಐಟಿ ಕೆಲಸ. ಮೊದಲು ಗೆಳೆಯರ ಜೊತೆ ಕೋಟೆ ಹತ್ತಲು ಹೋಗುತ್ತಿದ್ದ. ಈಗ ವರ್ಷದಿಂದ ಒಬ್ಬನೇ ಹೋಗುತ್ತಾನೆ. ಎಲ್ಲಿಗೆ ಅಂತ ಕೇಳಿದರೆ ಸರಿಯಾಗಿ ಹೇಳುವುದಿಲ್ಲ. ಅಲಾಸ್ಕಾದ ಕಾಡಿನಲ್ಲಿ ಹಸಿವಿನಿಂದ ಸತ್ತ ಅಮೆರಿಕದ ಹುಡುಗನೊಬ್ಬ ಹಳೇ ಬಸ್ಸಿಗೆ ಒರಗಿ ಕೂತ ಫೋಟೋವನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಮೊನ್ನೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, ಮಳೆ ಹಿಡಿದ ಮೇಲೆ ಹರಿಶ್ಚಂದ್ರಗಡ ಕೋಟೆಯನ್ನು ನಳೀಚಿ ವಾಟ ಅನ್ನುವ ಕಡಿದಾದ ದಾರಿಯಿಂದ ಒಬ್ಬನೇ ಹತ್ತುತ್ತೇನೆ ಅಂತ. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಇಷ್ಟು ಓದಿದ ಮಕ್ಕಳು ಯಾಕೆ ಹೀಗೆ ಜೀವ ಪಣಕ್ಕಿಡುತ್ತಾರೆ? ಅವನಿಗೆ ಬದುಕು ಬೇಡವಾಗಿದೆಯಾ? ನಾವು ಬೆಳೆಸಿದ್ದರಲ್ಲೇ ಏನಾದರೂ ಕೊರತೆಯಾಯಿತಾ? ತಡೆಯಬೇಕಾ, ಬಿಡಬೇಕಾ?

ಉತ್ತರ:

ಅಕ್ಕಾ, ನಮಸ್ಕಾರ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಭಾರವಾದ ಪ್ರಶ್ನೆ ಯಾವುದು ಅಂತ ನನಗೆ ಗೊತ್ತು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಒಬ್ಬರೇ ಕಾಡು ಬೆಟ್ಟ ಅಂತ ಹೋಗುವ ಹುಡುಗರಲ್ಲಿ ಹೆಚ್ಚಿನವರಿಗೆ ಸಾಯುವ ಆಸೆ ಇರುವುದಿಲ್ಲ. ಪುಣೆಯಲ್ಲಿ ಇಂಥ ವಯಸ್ಸಿನವರ ಎದುರು ಕೂತು ಮಾತಾಡುವುದೇ ಆಪ್ತಸಮಾಲೋಚಕನಾಗಿ ನನ್ನ ಕೆಲಸ. ಬಿಡುವಾದಾಗ ನಾನೂ ಸಹ್ಯಾದ್ರಿ ಹತ್ತುವವನೇ. ಈ ಹುಡುಗರು ಬೆಟ್ಟದ ಬಗ್ಗೆ ಮಾತಾಡುವಾಗ ಮುಖದಲ್ಲಿ ಕಾಣುವುದು ಬದುಕಿನ ಬೇಸರವಲ್ಲ, ಬದುಕಿನ ಹಸಿವು.

ಆದರೂ ತಾಯಿಯಾಗಿ ನೀವು ಗಮನಿಸಬೇಕಾದ ಕೆಲವು ವಿಷಯ ಇವೆ. ಊಟ ನಿದ್ದೆ ಕೆಟ್ಟಿದೆಯಾ? ಇಷ್ಟಪಟ್ಟು ಕೊಂಡ ವಸ್ತುಗಳನ್ನು ಸುಮ್ನೆ ಯಾರ್ಯಾರಿಗೋ ಕೊಡುತ್ತಿದ್ದಾನಾ? ನಾನು ಇಲ್ಲದಿದ್ದರೂ ನಡೆಯುತ್ತೆ ಅನ್ನುವಂಥ ಮಾತು ಬಾಯಲ್ಲಿ ಬರುತ್ತಾ? ಬೆಟ್ಟದಿಂದ ಬಂದ ಮೇಲೂ ಮುಖ ಬಾಡಿಯೇ ಇರುತ್ತಾ? ಇದರಲ್ಲಿ ಯಾವುದಾದರೂ ಕಂಡರೆ ಸುತ್ತಿ ಬಳಸಿ ಕೇಳಬೇಡಿ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆ ಹೊರಗೆ ಬರುತ್ತದೆ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಈ ಲಕ್ಷಣಗಳು ಇಲ್ಲವಾದರೆ ನಿಮ್ಮ ಮಗನ ವಿಷಯ ಬೇರೆ. ಮುಂದಿನದ್ದನ್ನು ಹಾಗೆಂದುಕೊಂಡೇ ಬರೆಯುತ್ತಿದ್ದೇನೆ.

ಗೋಡೆಯ ಮೇಲಿನ ಆ ಹುಡುಗನ ಕಥೆಯನ್ನು ನೀವೂ ಪೂರ್ತಿ ತಿಳಿದುಕೊಳ್ಳಬೇಕು. ನಿಮ್ಮ ಮಗನ ಜೊತೆ ಮಾತು ಶುರು ಮಾಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೆಸರು ಕ್ರಿಸ್ ಮೆಕ್‌ಕ್ಯಾಂಡ್ಲೆಸ್. 1990ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಿಂದ ಪದವಿ ಪಡೆದ. ಉಳಿತಾಯದಲ್ಲಿದ್ದ ಸುಮಾರು 24,000 ಡಾಲರನ್ನು ಆಕ್ಸ್‌ಫ್ಯಾಮ್ ಅನ್ನುವ ಸೇವಾ ಸಂಸ್ಥೆಗೆ ಕೊಟ್ಟು, ಮನೆಯವರಿಗೆ ಸುಳಿವೂ ಕೊಡದೆ ಹೊರಟುಬಿಟ್ಟ. ಎರಡು ವರ್ಷ ಊರೂರು ಅಲೆದ. 1992ರ ಏಪ್ರಿಲ್‌ನಲ್ಲಿ ಅಲಾಸ್ಕಾದ ಡೆನಾಲಿ ಪರ್ವತದ ಸೀಮೆಯಲ್ಲಿ ಸ್ಟ್ಯಾಂಪೀಡ್ ಟ್ರೇಲ್ ಅನ್ನುವ ಪಾಳುಬಿದ್ದ ದಾರಿ ಹಿಡಿದು ಒಬ್ಬನೇ ಒಳಗೆ ನಡೆದ. ಜೊತೆಗೆ ಒಂದು ಚೀಲ ಅಕ್ಕಿ, ಸಣ್ಣ ಬಂದೂಕು, ಕೆಲವು ಪುಸ್ತಕ. ಅಲ್ಲೊಂದು ಹಳೇ ಬಸ್ಸು ನಿಂತಿತ್ತು. ಅದನ್ನೇ ಮನೆ ಮಾಡಿಕೊಂಡ. ಅಳಿಲು, ಹಕ್ಕಿ ಹೊಡೆದು, ಗೆಡ್ಡೆ ಅಗೆದು ತಿಂದು ಎರಡು ತಿಂಗಳಿಗೂ ಜಾಸ್ತಿ ಬದುಕಿದ.

ಜುಲೈ ಮೊದಲ ವಾರ ಸಾಕು ಅನ್ನಿಸಿತು. ಗಂಟು ಕಟ್ಟಿಕೊಂಡು ವಾಪಸ್ಸು ಹೊರಟ. ಬರುವಾಗ ಸುಲಭವಾಗಿ ದಾಟಿದ್ದ ಟೆಕ್ಲಾನಿಕಾ ನದಿ ಬೇಸಿಗೆಯ ಹಿಮ ಕರಗಿ ಉಕ್ಕಿ ಹರಿಯುತ್ತಿತ್ತು. ದಾಟಲಾಗಲಿಲ್ಲ. ಮತ್ತೆ ಬಸ್ಸಿಗೆ ಬಂದ. ಅವನು ನದಿ ದಾಟಲಾಗದೆ ನಿಂತ ಜಾಗದಿಂದ ಒಂದು ಕಿಲೋಮೀಟರಿನ ಒಳಗೇ, ನದಿಯ ಮೇಲೆ ತಂತಿಗೆ ತೂಗುಹಾಕಿದ ಬುಟ್ಟಿಯೊಂದಿತ್ತು. ಕೈಯಿಂದ ಎಳೆದುಕೊಂಡು ಆಚೆ ದಡ ಸೇರಬಹುದಿತ್ತು. ಆ ಜಾಗದ ವಿವರವಾದ ನಕ್ಷೆ ಅವನ ಹತ್ತಿರ ಇರಲಿಲ್ಲ. ಆಗಸ್ಟ್‌ನಲ್ಲಿ ತೀರಿಕೊಂಡ. ಸೆಪ್ಟೆಂಬರ್ 6ರಂದು ಬೇಟೆಗಾರರಿಗೆ ಸಿಕ್ಕಾಗ ದೇಹದ ತೂಕ 30 ಕಿಲೋದಷ್ಟು. ಇನ್ನೂ 24 ವರ್ಷ. ನಿಮ್ಮ ಮಗನ ವಯಸ್ಸು.

ಅವನನ್ನು ಮಹಾತ್ಮ ಅನ್ನುವವರು ಇದ್ದಾರೆ, ಮೂರ್ಖ ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಅವನು ಸಾಯಲು ಹೋದವನಲ್ಲ, ವಾಪಸ್ಸು ಬರಲು ಹೊರಟಿದ್ದವನು. ಇದನ್ನು ಯಾವತ್ತೂ ಮರೆಯಬಾರದು. ಕೊನೆಗೆ ಶಕ್ತಿ ಕುಂದಿದಾಗ ಬಸ್ಸಿಗೆ ಒಂದು ಚೀಟಿ ಅಂಟಿಸಿದ್ದ. ಕಾಪಾಡಿ, ನಾನು ಒಬ್ಬನೇ ಇದ್ದೇನೆ, ಹತ್ತಿರದಲ್ಲೇ ಹಣ್ಣು ಕೀಳಲು ಹೋಗಿದ್ದೇನೆ, ಸಂಜೆ ಬರುತ್ತೇನೆ ಅಂತ ಅದರ ಅರ್ಥ. ಎಲ್ಲಿಗೆ ಹೋಗಿದ್ದೇನೆ, ಯಾವಾಗ ಬರುತ್ತೇನೆ. ಈ ಎರಡು ಸಂಗತಿ ಏಪ್ರಿಲ್‌ನಲ್ಲೇ ಯಾರಾದರೂ ಆಪ್ತರ ಕೈಯಲ್ಲಿ ಇದ್ದಿದ್ದರೆ, ಜುಲೈ ಕೊನೆಗೆ ಯಾರಾದರೂ ಹುಡುಕಿಕೊಂಡು ಹೋಗಿರುತ್ತಿದ್ದರು ಅಲ್ವಾ? ಆ ಬಸ್ಸು ನೋಡಲು ಅಂತ ಹೋದವರಲ್ಲಿ 2010ರಲ್ಲಿ ಒಬ್ಬರು, 2019ರಲ್ಲಿ ಒಬ್ಬರು ಅದೇ ನದಿಯಲ್ಲಿ ಕೊಚ್ಚಿಹೋದರು. 2020ರ ಜೂನ್‌ನಲ್ಲಿ ಬಸ್ಸನ್ನೇ ಹೆಲಿಕಾಪ್ಟರ್‌ನಲ್ಲಿ ಎತ್ತಿ ಅಲ್ಲಿಂದ ಸಾಗಿಸಿದರು. ಇದನ್ನೂ ನಿಮ್ಮ ಮಗನಿಗೆ ಹೇಳಿ.

ಇನ್ನು ಯಾಕೆ ಹೋಗುತ್ತಾರೆ ಅನ್ನುವುದಕ್ಕೆ ಬರೋಣ. ಎಲ್ಲರೂ ಕೊಡುವ ಉತ್ತರ ಥ್ರಿಲ್. ಅದರಲ್ಲಿ ಸತ್ಯ ಇಲ್ಲ ಅಂತಲ್ಲ. ಮಾರ್ವಿನ್ ಝುಕರ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞ 1964ರಲ್ಲೇ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಹೊಸದನ್ನು, ತೀವ್ರವಾದದ್ದನ್ನು ಅನುಭವಿಸಬೇಕು ಅನ್ನುವ ತುಡಿತ ಕೆಲವರಲ್ಲಿ ಹುಟ್ಟಿನಿಂದಲೇ ಜಾಸ್ತಿ. ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸಿಗೆ ಅದು ಏರಿ, ವಯಸ್ಸಾದಂತೆ ಇಳಿಯುತ್ತದೆ. ಹುಡುಗರಲ್ಲಿ ಸ್ವಲ್ಪ ಹೆಚ್ಚು. ಮಿದುಳಿನಲ್ಲಿ ಮುಂದಾಲೋಚನೆ ಮಾಡುವ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಹತ್ತಿರ. ಆಸೆ ಮೊದಲು ಬಲಿಯುತ್ತದೆ, ಕಡಿವಾಣ ಆಮೇಲೆ.

ಆದರೆ ಇದು ಒಬ್ಬನೇ ಹೋಗುವವನ ಪೂರ್ತಿ ಕಥೆಯಲ್ಲ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನುವ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಸಿಗ್ನಲ್ ಹಳದಿಯಾದಾಗ ನಿಲ್ಲಿಸಬೇಕಾ, ನುಗ್ಗಬೇಕಾ ಅಂತ ಆಡುವವರೇ ತೀರ್ಮಾನಿಸಬೇಕು. 13ರಿಂದ 16 ವರ್ಷದ ಮಕ್ಕಳು ಗೆಳೆಯರು ನೋಡುತ್ತಿದ್ದಾಗ ತುಂಬಾ ಹೆಚ್ಚು ನುಗ್ಗಿದರು. ಒಬ್ಬರೇ ಇದ್ದಾಗ ಅಷ್ಟಿಲ್ಲ. 24 ದಾಟಿದವರಿಗೆ ಗೆಳೆಯರು ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವಾಗಲಿಲ್ಲ. ಲೋಣಾವಳದ ಜಲಪಾತಗಳ ಹತ್ತಿರ ಜುಲೈ ಭಾನುವಾರ ನಿಂತು ನೋಡಿ, ಈ ಪ್ರಯೋಗ ಕಣ್ಣಮುಂದೆಯೇ ನಡೆಯುತ್ತಿರುತ್ತದೆ. ಗುಂಪಿನಲ್ಲಿ ಒಬ್ಬ ಜಾರುಬಂಡೆಯ ಮೇಲೆ ಹೋದರೆ ಉಳಿದವರೂ ಹೋಗುತ್ತಾರೆ. ಒಬ್ಬನೇ ಹೋದವನಿಗೆ ಆ ಒತ್ತಡ ಇಲ್ಲ. ಇದು ನಿಮಗೆ ಸ್ವಲ್ಪ ಸಮಾಧಾನ ಕೊಡಬೇಕಾದ ವಿಷಯ. ಆದರೆ ಇವತ್ತು ಜೇಬಿನಲ್ಲಿ ಫೋನ್ ಇದೆ. ರೀಲ್ಸ್ ಹಾಕುವ ಚಟ ಇದ್ದರೆ ಒಬ್ಬನೇ ಇದ್ದರೂ ಸಾವಿರ ಜನ ನೋಡುತ್ತಿದ್ದಂತೆಯೇ. ನಿಮ್ಮ ಮಗ ಬೆಟ್ಟದ ಫೋಟೋಗಳನ್ನು ಎಲ್ಲರಿಗೂ ತೋರಿಸಲು ತೆಗೆಯುತ್ತಾನಾ, ತನಗೇ ಇಟ್ಟುಕೊಳ್ಳುತ್ತಾನಾ ಅಂತ ಗಮನಿಸಿ. ಎರಡನೆಯದಾದರೆ ಅಪಾಯ ಒಂದು ಪಾಲು ಕಡಿಮೆ.

ನನಗೆ ಹೆಚ್ಚು ನಿಜ ಅನ್ನಿಸುವ ವಿವರಣೆ ಬಂದಿದ್ದು ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದಿಂದ. ಟಿಮ್ ವುಡ್‌ಮನ್, ಲೂ ಹಾರ್ಡಿ, ಮ್ಯಾಥ್ಯೂ ಬಾರ್ಲೋ ಮತ್ತಿತರರು 2010 ಮತ್ತು 2013ರಲ್ಲಿ ಪ್ರಕಟಿಸಿದ ಅಧ್ಯಯನಗಳು. ಪರ್ವತಾರೋಹಿಗಳು, ಸಮುದ್ರವನ್ನು ದೋಣಿಯಲ್ಲಿ ಹುಟ್ಟುಹಾಕಿ ದಾಟುವವರು, ವಿಮಾನದಿಂದ ಧುಮುಕುವವರು ಎಲ್ಲರನ್ನೂ ಅವರು ಹೋಲಿಸಿ ನೋಡಿದರು. ಧುಮುಕುವವರಿಗೆ ಥ್ರಿಲ್ ಮುಖ್ಯ. ಪರ್ವತಾರೋಹಿಗಳಿಗೆ ಅದು ಅಷ್ಟು ಮುಖ್ಯವಲ್ಲ. ಬೆಟ್ಟದ ಮೇಲೆ ತಿಂಗಳುಗಟ್ಟಲೆ ಚಳಿ, ಬೇಸರ, ಸುಸ್ತು. ಅಲ್ಲಿ ಥ್ರಿಲ್ ಎಲ್ಲಿ? ಇವರಲ್ಲಿ ಕಂಡದ್ದು ಬೇರೆ. ತಮಗೆ ಏನನಿಸುತ್ತಿದೆ ಅಂತ ಹೇಳಲು ಇವರಿಗೆ ಕಷ್ಟ. ಅದರಲ್ಲೂ ಹತ್ತಿರದವರ ಎದುರು. ತಮ್ಮ ಬದುಕಿನ ಲಗಾಮು ತಮ್ಮ ಕೈಯಲ್ಲಿ ಇಲ್ಲ ಅನ್ನುವ ಭಾವನೆ ಇವರಿಗೆ ಜಾಸ್ತಿ. ಬೆಟ್ಟದಲ್ಲಿ ಭಯ ಸ್ಪಷ್ಟ. ಯಾವುದಕ್ಕೆ ಹೆದರುತ್ತಿದ್ದೇನೆ ಅಂತ ಕಣ್ಣಿಗೆ ಕಾಣುತ್ತದೆ. ಅದನ್ನು ತನ್ನ ಕೈಯಿಂದಲೇ ನಿಭಾಯಿಸಬಹುದು. ಹಾಗೆ ನಿಭಾಯಿಸಿದ ಧೈರ್ಯ ಕೆಳಗಿಳಿದ ಮೇಲೂ ಬದುಕಿಗೆ ಒದಗಿ ಬರುತ್ತದೆ.

ಇದನ್ನು ನಿಮ್ಮ ಮಗನ ವಾರಕ್ಕೆ ಇಟ್ಟು ನೋಡಿ. ಬೆಳಿಗ್ಗೆ ಮೀಟಿಂಗು, ಆಮೇಲೆ ಯಾರೋ ಬರೆದ ಕೋಡಿನಲ್ಲಿ ಯಾರೋ ಹೇಳಿದ ಬದಲಾವಣೆ. ಸಂಬಳ ಏರಬೇಕಾ ಬೇಡವಾ ಅಂತ ತೀರ್ಮಾನಿಸುವವರನ್ನು ಅವನು ನೋಡಿರುವುದೂ ಅನುಮಾನ. ವಾಕಡ್ ಸೇತುವೆ ದಾಟಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮನೆಗೆ ಬಂದರೆ ಮದುವೆ, ಫ್ಲ್ಯಾಟು, ಸಾಲದ ಮಾತು. ಇದರಲ್ಲಿ ಯಾರದ್ದೂ ತಪ್ಪಿಲ್ಲ, ಆದರೆ ಅವನು ಮಾಡಿದ್ದಕ್ಕೂ ಆಗುವುದಕ್ಕೂ ನೇರ ಸಂಬಂಧ ಅವನಿಗೆ ಕಾಣುವುದಿಲ್ಲ. ಅದೇ ಹುಡುಗ ಶನಿವಾರ ಕೋಟೆಯ ಒಂದು ರಾಕ್ ಪ್ಯಾಚ್ ಹತ್ತಿರ ನಿಲ್ಲುತ್ತಾನೆ. ಕಪ್ಪು ಬಂಡೆ, ಎದೆಮಟ್ಟದಲ್ಲಿ ಬೆರಳು ತೂರುವಷ್ಟು ಬಿರುಕು, ಮಂಡಿಯ ಹತ್ತಿರ ಅರ್ಧ ಪಾದ ಇಡುವಷ್ಟು ಮೆಟ್ಟಿಲು. ಮೊದಲು ಹಿಡಿ ಅಲ್ಲಾಡಿಸಿ ನೋಡುತ್ತಾನೆ. ಗಟ್ಟಿಯಿದೆ. ಕಾಲಿಡುತ್ತಾನೆ, ತೂಕ ಹಾಕುತ್ತಾನೆ, ಏಳುತ್ತಾನೆ. ಸರಿಯಾಗಿ ಮಾಡಿದರೆ ಮೇಲೆ, ಇಲ್ಲದಿದ್ದರೆ ಇಲ್ಲ. ನಡುವೆ ಯಾವ ಮ್ಯಾನೇಜರೂ ಇಲ್ಲ, ಅಪ್ಪನೂ ಇಲ್ಲ. ನನ್ನ ಎದುರು ಕೂತ ಎಷ್ಟೋ ಹುಡುಗರು ಬೇರೆ ಬೇರೆ ಮಾತಿನಲ್ಲಿ ಒಂದೇ ವಿಷಯ ಹೇಳಿದ್ದಾರೆ: ಅಲ್ಲಿ ನಾನು ಮಾಡಿದ್ದೇ ಆಗುತ್ತೆ ಸರ್. ಗೆಳೆಯರ ಜೊತೆ ಹೋದರೆ ಆ ಅನುಭವ ಹಂಚಿಹೋಗುತ್ತದೆ. ಯಾರೋ ದಾರಿ ತೋರಿಸುತ್ತಾರೆ, ಯಾರೋ ಕೈ ಕೊಡುತ್ತಾರೆ. ಅದಕ್ಕೇ ಒಬ್ಬನೇ.

ಇದು ಒಳ್ಳೆಯ ಹಸಿವು ಅಕ್ಕಾ. ನಾನು ಇದನ್ನು ಮನಸಾರೆ ಗೌರವಿಸುತ್ತೇನೆ. ಇದನ್ನು ಕಿತ್ತುಹಾಕಲು ಹೋದರೆ ಹುಡುಗ ಒಳಗಿಂದ ಒಣಗುತ್ತಾನೆ.

ಹಾಗಾದರೆ ಜೀವ ಹೋಗುವುದು ಹೇಗೆ? ನನ್ನ ಅನುಭವದಲ್ಲಿ ಧೈರ್ಯದಿಂದಲ್ಲ. ಚಿಕ್ಕ ಚಿಕ್ಕ ಕೊರತೆಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ನಮ್ಮ ಸಹ್ಯಾದ್ರಿಯಲ್ಲಿ ಇದು ಹೇಗೆ ನಡೆಯುತ್ತೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಬೆಟ್ಟಗಳ ಗುಣವೇ ಬೇರೆ.

ಸಹ್ಯಾದ್ರಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಒಂದು ಪದರದ ಮೇಲೆ ಮಟ್ಟಸ ನೆಲ, ಹುಲ್ಲು, ಮರ. ಅದರ ಅಂಚಿಗೆ ಬಂದರೆ ನೇರ ಕಡಿದ ಗೋಡೆ. ಕೆಳಗೆ ಮತ್ತೆ ಮಟ್ಟಸ, ಮತ್ತೆ ಗೋಡೆ. ದೂರದಿಂದ ನೋಡಿದರೆ ಊರು ಕಾಲಡಿಯಲ್ಲೇ ಇದ್ದಂತೆ ಕಾಣುತ್ತದೆ. ದಾರಿ ತಪ್ಪಿದವರು ನೀರು ಹರಿದ ಕಡೆ ಇಳಿದರೆ ಊರು ಸಿಗುತ್ತೆ ಅಂತ ಹಳ್ಳ ಹಿಡಿದು ಇಳಿಯುತ್ತಾರೆ. ಬಯಲುಸೀಮೆಯ ಬುದ್ಧಿ ಅದು, ಇಲ್ಲಿ ನಡೆಯುವುದಿಲ್ಲ. ಹಳ್ಳ ಅರ್ಧ ತಾಸಿನಲ್ಲಿ ಒಣಗಿದ ಜಲಪಾತದ ಬಾಯಿಗೆ ತಂದು ನಿಲ್ಲಿಸುತ್ತದೆ. ಜಾರಿಕೊಂಡು ಇಳಿದ ಬಂಡೆಯನ್ನು ವಾಪಸ್ಸು ಹತ್ತಲಾಗುವುದಿಲ್ಲ, ಮುಂದೆ ಇಳಿಯಲೂ ಆಗುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ, ಏಕೆಂದರೆ ಮೂರೂ ಕಡೆ ಬಂಡೆ. ಲೋಣಾವಳದ ಹತ್ತಿರದ ಕಣಿವೆಗಳಲ್ಲಿ ಬೇರೆ ಊರಿಂದ ಒಬ್ಬನೇ ಬಂದ ಯುವಕ ಹೀಗೆ ದಾರಿ ತಪ್ಪಿ, ಫೋನಿನಲ್ಲಿ ದಾರಿ ತಪ್ಪಿದ್ದೇನೆ ಅಂತಷ್ಟೇ ಹೇಳಿ, ಆಮೇಲೆ ಫೋನೂ ಸತ್ತು, ದಿನಗಟ್ಟಲೆ ಹುಡುಕಿದ ಮೇಲೆ ಕಣಿವೆಯ ಆಳದಲ್ಲಿ ಹೆಣವಾಗಿ ಸಿಕ್ಕಿದ್ದಾನೆ. ಅವನು ಎಲ್ಲಿಂದ ಹತ್ತಿದ, ಎಲ್ಲಿ ಇಳಿಯಲಿದ್ದ ಅಂತ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಹುಡುಕುವವರ ದಿನಗಳೆಲ್ಲ ಅದರಲ್ಲೇ ಹೋಗುತ್ತವೆ.

ಮಳೆಗಾಲದಲ್ಲಿ ಮಂಜು ಬೇರೆ. ಹತ್ತು ಹೆಜ್ಜೆ ಮುಂದೆ ಏನಿದೆ ಅಂತ ಕಾಣುವುದಿಲ್ಲ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಜೊತೆಯವರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜನರನ್ನು ಕಾಡಿಗೆ ಬಿಟ್ಟು ನೇರವಾಗಿ ನಡೆಯಿರಿ ಅಂದರು. ಸೂರ್ಯ ಕಾಣುತ್ತಿದ್ದಾಗ ನೇರವಾಗಿಯೇ ನಡೆದರು. ಮೋಡ ಕವಿದ ದಿನ ಸುತ್ತು ಹಾಕಿ ತಾವು ಬಂದ ದಾರಿಗೇ ಅಡ್ಡ ಬಂದರು, ಅವರಿಗೆ ಅದು ಗೊತ್ತೇ ಆಗಲಿಲ್ಲ. ಹರಿಶ್ಚಂದ್ರಗಡದ ಮೇಲಿನ ವಿಶಾಲ ಬಯಲಿನಲ್ಲಿ ಜುಲೈ ತಿಂಗಳು ಹೀಗೇ ಆಗುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಆ ಬಯಲಿನ ಒಂದು ಅಂಚು ಕೋಕಣ ಕಡಾ ಅನ್ನುವ ಪ್ರಪಾತ. ನೂರಾರು ಮೀಟರ್ ಆಳ, ಒಳಗೆ ಬಾಗಿದ ಬಂಡೆ. ಇನ್ನು ಮಾರ್ಚ್ ಕಳೆದ ಮೇಲೆ ತೊಂದರೆ ಉಲ್ಟಾ. ಕೋಟೆಗಳ ಮೇಲಿನ ಕಲ್ಲುತೊಟ್ಟಿಗಳಲ್ಲಿ ನೀರು ಬತ್ತಿರುತ್ತದೆ, ಎರಡು ಬಾಟಲಿ ನೀರಿನಲ್ಲಿ ಹೊರಟವನು ಮಧ್ಯಾಹ್ನ ಎರಡಕ್ಕೆ ತಲೆ ಸುತ್ತಿ ಕೂರುತ್ತಾನೆ.

ಈಗ ಬೇರೆ ಒಬ್ಬನ ಕಥೆ ಹೇಳುತ್ತೇನೆ. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ. 2012ರ ನವೆಂಬರ್‌ನಲ್ಲಿ ಮುಂಬೈನಿಂದ ಒಬ್ಬನೇ ಹೊರಟು, ಎಲ್ಲೂ ನಿಲ್ಲದೆ, ಗೋವಾದಲ್ಲಿ ಕಟ್ಟಿದ ಮಾದೇಯಿ ಅನ್ನುವ ಹಾಯಿದೋಣಿಯಲ್ಲಿ ಭೂಮಿ ಸುತ್ತಿ 2013ರಲ್ಲಿ ಮುಂಬೈಗೇ ವಾಪಸ್ಸು ಬಂದವರು. ಭಾರತೀಯರಲ್ಲಿ ಮೊದಲಿಗರು. 2018ರಲ್ಲಿ ಮತ್ತೆ ಒಬ್ಬರೇ ಒಂದು ಪೈಪೋಟಿಗೆ ಹೊರಟರು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ನಡುವೆ ಬಿರುಗಾಳಿಗೆ ಸಿಕ್ಕರು. ದೋಣಿಯ ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು, ಎದ್ದು ನಿಲ್ಲಲಾಗಲಿಲ್ಲ. ಹತ್ತಿರದಲ್ಲಿ ಊರಿಲ್ಲ, ದಡವಿಲ್ಲ. ಆದರೆ ಅವರು ಎಲ್ಲಿದ್ದಾರೆ ಅಂತ ಇಡೀ ಜಗತ್ತಿಗೆ ಗೊತ್ತಿತ್ತು. ತುರ್ತು ಸಂಕೇತ ಕಳಿಸುವ ಸಾಧನ ಇತ್ತು, ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸುವ ಯಂತ್ರ ಇತ್ತು. ನೌಕಾಪಡೆಯ ವಿಮಾನ ದೋಣಿಯನ್ನು ಗುರುತಿಸಿತು. ಮೂರನೇ ದಿನ ಒಸಿರಿಸ್ ಅನ್ನುವ ಫ್ರೆಂಚ್ ಹಡಗು ಬಂದು ಎತ್ತಿಕೊಂಡಿತು. ಅವರು ಚೇತರಿಸಿಕೊಂಡು ಅದೇ ಪೈಪೋಟಿಗೆ ಮತ್ತೆ ಹೋಗಿ 2023ರಲ್ಲಿ ಎರಡನೆಯವರಾಗಿ ಮುಗಿಸಿದರು.

ಅದೇ ಏರನ್ ರಾಲ್‌ಸ್ಟನ್ ಅನ್ನುವ ಅಮೆರಿಕದ ಹುಡುಗ, 27 ವರ್ಷ, ಪರ್ವತಾರೋಹಣದಲ್ಲಿ ಪಳಗಿದವನು. 2003ರ ಏಪ್ರಿಲ್‌ನಲ್ಲಿ ಯೂಟಾ ರಾಜ್ಯದ ಕಿರಿದಾದ ಕಂದರವೊಂದರಲ್ಲಿ ಉರುಳಿದ ಬಂಡೆಗೆ ಬಲಗೈ ಸಿಕ್ಕಿಕೊಂಡಿತು. ಎಲ್ಲಿಗೆ ಹೋಗುತ್ತೇನೆ ಅಂತ ಒಬ್ಬರಿಗೂ ಹೇಳಿರಲಿಲ್ಲ. ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದ. ಸಾಗರದ ಮಧ್ಯೆ ಒಬ್ಬರೇ ಇದ್ದವರು ಇವನಿಗಿಂತ ಸುರಕ್ಷಿತವಾಗಿದ್ದರು. ಒಬ್ಬರೇ ಇರುವುದು ಒಂದು, ಯಾರಿಗೂ ಗೊತ್ತಿಲ್ಲದೆ ಇರುವುದು ಇನ್ನೊಂದು. ಕೊಲ್ಲುವುದು ಎರಡನೆಯದು.

(ಇಲ್ಲೊಂದು ಮಾತು. ಮನಸ್ಸಿಗೂ ಪೂರ್ತಿ ಒಂಟಿತನ ಬೇಡ. 1933ರಲ್ಲಿ ಫ್ರಾಂಕ್ ಸ್ಮೈತ್ ಅನ್ನುವ ಬ್ರಿಟಿಷ್ ಪರ್ವತಾರೋಹಿ ಎವರೆಸ್ಟಿನ ಎತ್ತರದಲ್ಲಿ ಒಬ್ಬರೇ ಹತ್ತುತ್ತಿದ್ದರು. ಜೇಬಿನಿಂದ ಪುದೀನ ಮಿಠಾಯಿ ತೆಗೆದು ಮುರಿದು, ಅರ್ಧ ಜೊತೆಗಾರನಿಗೆ ಕೊಡಲು ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಆ ಎತ್ತರದಲ್ಲಿ ಆಮ್ಲಜನಕ ಕಡಿಮೆ, ಸುಸ್ತು ಜಾಸ್ತಿ. ಆಗ ಮನಸ್ಸು ತಾನೇ ಒಬ್ಬ ಜೊತೆಗಾರನನ್ನು ಹುಟ್ಟಿಸಿಕೊಳ್ಳುತ್ತದೆ.)

ಈಗ ನಿಮ್ಮ ಮೂರನೇ ಪ್ರಶ್ನೆ. ಬೆಳೆಸಿದ್ದರಲ್ಲಿ ಕೊರತೆಯಾಯಿತಾ? ಅವನು ಬೆಟ್ಟಕ್ಕೆ ಹೋಗುವುದಕ್ಕೆ ನೀವು ಕಾರಣರಲ್ಲ. ಆದರೆ ಹೇಳದೆ ಹೋಗುವುದಕ್ಕೆ ಮನೆಯೂ ಒಂದು ಕಾರಣ ಇರಬಹುದು, ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಹೇಳಿದರೆ ಏನಾಗುತ್ತೆ ಅಂತ ಅವನಿಗೆ ಗೊತ್ತು. ಅಪ್ಪ ಕೂಗಾಡುತ್ತಾರೆ, ಅಮ್ಮ ಅಳುತ್ತಾರೆ, ಊರಿಂದ ಸೋದರಮಾವನ ಫೋನ್ ಬರುತ್ತದೆ. ಗೆಳೆಯನ ರೂಮಿಗೆ ಹೋಗುತ್ತೇನೆ ಅಂದರೆ ಯಾವ ರಗಳೆಯೂ ಇಲ್ಲ. ಪುಣೆಯಲ್ಲಿ ನಾನು ಕಂಡ ಒಂಟಿ ಚಾರಣಿಗರಲ್ಲಿ ಮನೆಗೆ ಸುಳ್ಳು ಹೇಳಿ ಹೋಗುವವರೇ ಜಾಸ್ತಿ. ನಮ್ಮ ಕನ್ನಡದ ಮನೆಗಳಲ್ಲಿ, ಪರಊರಿನಲ್ಲಿ ಕಷ್ಟಪಟ್ಟು ಕಟ್ಟಿಕೊಂಡ ಬದುಕು ಅನ್ನುವ ಕಾರಣಕ್ಕೆ, ಈ ಆತಂಕ ಇನ್ನೂ ಒಂದು ಕೈ ಹೆಚ್ಚು. ಅದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಬೈಗುಳ ಅವನನ್ನು ಬೆಟ್ಟದಿಂದ ತಡೆಯುತ್ತಿಲ್ಲ, ಅವನು ಯಾವ ಬೆಟ್ಟದಲ್ಲಿದ್ದಾನೆ ಅನ್ನುವುದನ್ನು ಮಾತ್ರ ನಿಮ್ಮಿಂದ ಮುಚ್ಚಿಡುತ್ತಿದೆ.

ತಡೆದರೆ ಏನಾಗುತ್ತದೆ, ದಾರಿ ಮಾಡಿಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನೆದರ್‌ಲ್ಯಾಂಡ್ಸ್‌ನ ಲಾರಾ ಡೆಕ್ಕರ್ ಒಂದು ಉದಾಹರಣೆ. 13ನೇ ವಯಸ್ಸಿಗೆ ಒಬ್ಬಳೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುತ್ತೇನೆ ಅಂದಳು. 2009ರಲ್ಲಿ ಕೋರ್ಟು ತಡೆಯಿತು. ಆಮೇಲೆ ಪ್ರಥಮ ಚಿಕಿತ್ಸೆ ಕಲಿ, ಇನ್ನೂ ದೊಡ್ಡ ದೋಣಿ ತಗೋ ಅಂತ ತಯಾರಿಯ ಮಾತು ಬಂತು. ತಯಾರಾದಳು. 2010ರಲ್ಲಿ ಬಿಟ್ಟರು. 2012ರ ಜನವರಿಯಲ್ಲಿ 16ನೇ ವಯಸ್ಸಿಗೆ ಮುಗಿಸಿದಳು. ಅಷ್ಟು ಚಿಕ್ಕ ಮಗುವನ್ನು ಬಿಟ್ಟಿದ್ದು ಸರಿಯಾ ಅನ್ನುವುದರ ಬಗ್ಗೆ ನನಗೆ ಇವತ್ತಿಗೂ ಅನುಮಾನವಿದೆ. ಆದರೆ ನಿಮ್ಮ ಮಗ ಮಗುವಲ್ಲ. 24ರ ಹುಡುಗನಿಗೆ ಬೇಡ ಅನ್ನುವ ಅಧಿಕಾರ ನಿಮಗೆ ಇಲ್ಲ, ತಯಾರಾಗು ಅನ್ನುವ ಹಕ್ಕು ಖಂಡಿತಾ ಇದೆ.

ಈಗ ನಳೀಚಿ ವಾಟದ ವಿಷಯ. ಇಲ್ಲಿ ನಾನು ಮೃದುವಾಗಿ ಮಾತಾಡುವುದಿಲ್ಲ. ಮಳೆಗಾಲದಲ್ಲಿ ಅದು ಬೇಡವೇ ಬೇಡ, ಒಬ್ಬನೇ ಅಲ್ಲ, ಗುಂಪಿನಲ್ಲೂ ಅಲ್ಲ. ಮಾಳಶೇಜ್ ಘಾಟ್ ಇಳಿದು ಬೇಲಪಾಡಾ ಊರಿನಿಂದ ಕೋಕಣ ಕಡಾದ ಮಗ್ಗುಲಲ್ಲಿ ನೇರ ಮೇಲಕ್ಕೆ ಏರುವ ಕಿರಿದಾದ ಕಂದರ ಅದು. ಕಾಲಡಿಯಲ್ಲಿ ಸಡಿಲ ಕಲ್ಲು. ಮಳೆ ಬಂದರೆ ಬೆಟ್ಟದ ನೀರು ಬರುವುದೂ ಅದೇ ದಾರಿಯಲ್ಲಿ, ಮೇಲಿನ ಕಲ್ಲು ಉರುಳುವುದೂ ಅದೇ ದಾರಿಯಲ್ಲಿ. ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ಗೊತ್ತಿರುವವರು ಅದನ್ನು ಡಿಸೆಂಬರ್ ಫೆಬ್ರವರಿ ನಡುವೆ ಹಗ್ಗ, ಹೆಲ್ಮೆಟ್ ಜೊತೆ ಮಾಡುತ್ತಾರೆ. ಮಳೆಯಲ್ಲಿ ಹರಿಶ್ಚಂದ್ರಗಡ ನೋಡಲೇಬೇಕಾದರೆ ಪಾಚನಯಿ ಕಡೆಯ ದಾರಿ ಇದೆ. ಎರಡು ಮೂರು ತಾಸಿನ ಏರು, ಶನಿವಾರ ಭಾನುವಾರ ಜನ ಇರುತ್ತಾರೆ, ಮೇಲೆ ದೇವಸ್ಥಾನದ ಹತ್ತಿರ ಊರಿನವರು ಝುಣಕಾ ಭಾಕರಿ ಮಾಡಿಕೊಡುತ್ತಾರೆ. ಒಬ್ಬನೇ ನಡೆಯುವ ಸುಖ ಅಲ್ಲೂ ಸಿಗುತ್ತದೆ. ಮಂಜು ಕವಿದಿದ್ದರೆ ಕಡಾದ ಹತ್ತಿರ ಮಾತ್ರ ಹೋಗಬಾರದು.

ಅವನಿಗೆ ಕಷ್ಟದ ದಾರಿಗಳೇ ಬೇಕು ಅಂದರೆ ಕಲಿಯಲಿ. ಪುಣೆಯಲ್ಲೇ ಗಿರಿಪ್ರೇಮಿಯಂಥ ಹಳೇ ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಲ್ಲಿ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸು ಇರುತ್ತದೆ. ಖರ್ಚು ಒಂದು ಒಳ್ಳೆಯ ಫೋನಿನ ಬೆಲೆಗಿಂತ ಕಡಿಮೆಯೇ. ರಜೆ ಹಾಕಿ ಹೋಗಿ ಬರಲಿ. ನೀವೇ ಹಣ ಕೊಡುತ್ತೇನೆ ಅಂದು ನೋಡಿ, ಅವನ ಮುಖದಲ್ಲಿ ಆಗುವ ಬದಲಾವಣೆಯನ್ನು ನೀವೇ ಕಾಣುತ್ತೀರಿ.

ಅಲ್ಲಿಯವರೆಗೆ ಅವನ ಜೊತೆ ಒಂದೇ ಒಂದು ಒಪ್ಪಂದ ಮಾಡಿಕೊಳ್ಳಿ. ಎಲ್ಲಿಗೆ ಹೋದರೂ ಬಯ್ಯುವುದಿಲ್ಲ, ಆದರೆ ಹೊರಡುವ ಮುಂಚೆ ಫ್ರಿಜ್ಜಿನ ಮೇಲೆ ಒಂದು ಚೀಟಿ ಇರಬೇಕು. ಯಾವ ಕೋಟೆ, ಯಾವ ಊರಿನಿಂದ ಹತ್ತುವುದು, ಯಾವ ದಾರಿಯಲ್ಲಿ ಇಳಿಯುವುದು, ಬೈಕ್ ಯಾರ ಮನೆ ಮುಂದೆ ನಿಲ್ಲಿಸಿದ್ದಾನೆ, ಆ ಮನೆಯವರ ನಂಬರು, ಜಾಕೆಟ್ಟಿನ ಬಣ್ಣ, ಎಷ್ಟು ಗಂಟೆಗೆ ಫೋನ್ ಮಾಡುತ್ತಾನೆ. ದಾರಿ ಬದಲಿಸಿದರೆ ಬೆಟ್ಟದ ಬುಡದಲ್ಲೇ ಮೆಸೇಜ್ ಹಾಕಬೇಕು. ನೀವು ನಿಮ್ಮ ಮಾತಿಗೆ ನಿಲ್ಲಬೇಕು. ಒಂದು ಸಲ ಚೀಟಿ ನೋಡಿ ರಂಪ ಮಾಡಿದರೆ ಮುಂದಿನ ಚೀಟಿ ಸುಳ್ಳಾಗಿರುತ್ತದೆ. ಗಂಟೆಗೊಂದು ಸಲ ಫೋನ್ ಮಾಡಿ ಅವನ ಬ್ಯಾಟರಿ ಖಾಲಿ ಮಾಡಬೇಡಿ.

ಅವನಿಗೂ ಕೆಲವು ಮಾತು. ಸೀಟಿ ಮತ್ತು ಹೆಡ್‌ಟಾರ್ಚ್ ಚೀಲದಲ್ಲಿ ಇರಲೇಬೇಕು. ಒಂದು ನಿಮಿಷದಲ್ಲಿ ಆರು ಸಲ ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು, ಇದು ಪರ್ವತಗಳಲ್ಲಿ ಆಪತ್ತಿನ ಸಂಕೇತ. ಟಾರ್ಚಿನಿಂದಲೂ ಹೀಗೇ. ದಾರಿ ತಪ್ಪಿದೆ ಅನ್ನಿಸಿದ ಕ್ಷಣ ನಿಲ್ಲಬೇಕು, ನೀರು ಕುಡಿಯಬೇಕು, ಬಂದ ದಾರಿ ನೆನಪಿದ್ದರೆ ಹಿಂದಕ್ಕೆ ಹತ್ತಬೇಕು. ನೆನಪಿಲ್ಲದಿದ್ದರೆ ಅಲ್ಲೇ ಕೂರಬೇಕು. ಹಳ್ಳಕ್ಕೆ ಇಳಿಯಬಾರದು. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗಬಹುದು. ಮಧ್ಯಾಹ್ನ ಇಂತಿಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್ಸು ಅಂತ ಹತ್ತುವ ಮುಂಚೆಯೇ ತೀರ್ಮಾನ ಆಗಿರಬೇಕು, ತುದಿ ಕಾಣುತ್ತಿದ್ದರೂ ಸರಿ.

ಹೇಳಿದ ಸಮಯಕ್ಕೆ ಫೋನ್ ಬರದಿದ್ದರೆ ಒಂದು ತಾಸು ಕಾಯಿರಿ. ಇಳಿಯುವುದು ತಡವಾಗುವುದು ಸಾಮಾನ್ಯ. ಆಮೇಲೆ ಚೀಟಿಯಲ್ಲಿರುವ ಬುಡದ ಊರಿನ ಮನೆಗೆ ಮಾಡಿ, ಬೈಕ್ ಇನ್ನೂ ಅಲ್ಲೇ ಇದೆಯಾ ಕೇಳಿ. ಇದ್ದರೆ ತಡ ಮಾಡದೆ 112ಕ್ಕೆ ಕರೆ ಮಾಡಿ, ಚೀಟಿಯನ್ನು ಓದಿ ಹೇಳಿ. ಮಹಾರಾಷ್ಟ್ರದಲ್ಲಿ ಪರ್ವತಾರೋಹಿಗಳೇ ಸೇರಿ ನಡೆಸುವ ರಕ್ಷಣಾ ಸಮನ್ವಯ ಕೇಂದ್ರವಿದೆ. ಲೋಣಾವಳದಲ್ಲಿ ಶಿವದುರ್ಗ ಮಿತ್ರದಂಥ ತಂಡಗಳಿವೆ. ತಮ್ಮ ಕೆಲಸ ಬಿಟ್ಟು, ಒಂದು ಪೈಸೆ ತೆಗೆದುಕೊಳ್ಳದೆ ಅರ್ಧರಾತ್ರಿ ಕಣಿವೆಗೆ ಇಳಿಯುವ ಜನ ಅವರು. ಅವರ ನಂಬರುಗಳನ್ನು ಇವತ್ತೇ ನಿಮ್ಮ ಫೋನಿನಲ್ಲಿ ಹಾಕಿಕೊಳ್ಳಿ.

ಈ ಭಾನುವಾರ ಅವನು ಮನೆಯಲ್ಲಿದ್ದರೆ ನಳೀಚಿ ವಾಟದ ಮಾತು ನೀವೇ ಎತ್ತಿ. ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು ಅಂತ ನೇರವಾಗಿ ಹೇಳಿ. ಯಜಮಾನರೂ ಜೊತೆಗೆ ಕೂರಲಿ, ಆದರೆ ಮೊದಲು ಅವನು ಮಾತಾಡಲಿ. ಈ ಉತ್ತರವನ್ನೂ ಓದಲು ಕೊಡಿ. ಡಿಸೆಂಬರ್‌ನಲ್ಲಿ ಹಗ್ಗ ಗೊತ್ತಿರುವ ತಂಡದ ಜೊತೆ ಹೋಗಲು ಒಪ್ಪಿದರೆ, ದಾರಿಯ ಬಗ್ಗೆ ಏನಾದರೂ ಕೇಳುವುದಿದ್ದರೆ ನನಗೆ ಅವನೇ ಬರೆಯಲಿ.